ಡಬ್ಬದ ಮೇಲೆ 3000 ವ್ಯಾಟ್, ಹಿಂದಿನ ಸ್ಟಿಕ್ಕರಿನಲ್ಲಿ 45

ನಮ್ಮ ಮನೆಗೆ ಮೊದಲ ಹೋಮ್ ಥಿಯೇಟರ್ ಬಂದ ದಿನ ಅಪ್ಪ ಡಬ್ಬ ನೋಡಿಯೇ ಗಾಬರಿಯಾದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ "3000 ವ್ಯಾಟ್ ಪಿಎಂಪಿಒ" ಅಂತ ಇತ್ತು. ಅದೇ ವರ್ಷ ಬಚ್ಚಲುಮನೆಗೆ 2000 ವ್ಯಾಟಿನ ಗೀಸರ್ ಹಾಕಿಸಿದ್ದರು. ಅದಕ್ಕೆ ಅಂತಲೇ ದಪ್ಪ ವೈರ್ ಎಳೆಸಿ, ದೊಡ್ಡ ಪವರ್ ಪ್ಲಗ್ ಕೂರಿಸಿ, ಎಲೆಕ್ಟ್ರಿಷಿಯನ್‌ಗೆ ಒಂದು ದಿನದ ಕೂಲಿ ಕೊಟ್ಟಿದ್ದರು. ಈಗ ನೋಡಿದರೆ ಅದರ ಒಂದೂವರೆ ಪಟ್ಟು ವ್ಯಾಟಿನ ಡಬ್ಬ ಬಂದು ಟಿವಿ ಪಕ್ಕದ ಸಣ್ಣ ಪ್ಲಗ್ಗಿಗೆ ಸೇರಿಕೊಳ್ಳುತ್ತಿದೆ. "ಫ್ಯೂಸ್ ಹೋಗಲ್ವೇನಪ್ಪಾ?" ಅಂತ ಕೇಳಿದರು. ಸೆಟ್ ಜೋಡಿಸಲು ಬಂದಿದ್ದ ಅಂಗಡಿಯ ಹುಡುಗ ನಕ್ಕ. "ಏನೂ ಆಗಲ್ಲ ಸಾರ್. ಅದು ಬೇರೆ ವ್ಯಾಟು."

ಫ್ಯೂಸ್ ಹೋಗಲಿಲ್ಲ. ಕರೆಂಟ್ ಹೋದಾಗ ಎರಡು ಫ್ಯಾನ್, ನಾಲ್ಕು ಲೈಟ್ ಎಳೆಯಲು ಏದುಸಿರು ಬಿಡುತ್ತಿದ್ದ ಇನ್ವರ್ಟರ್ ಕೂಡ ಈ 3000 ವ್ಯಾಟನ್ನು ಆರಾಮಾಗಿ ಹೊತ್ತುಕೊಂಡಿತು. ಸೆಟ್ಟನ್ನು ತಿರುಗಿಸಿ ಹಿಂದೆ ನೋಡಿದರೆ ಕಾರಣ ಗೊತ್ತಾಗುತ್ತಿತ್ತು. ಅಲ್ಲೊಂದು ಸಣ್ಣ ಬೆಳ್ಳಿ ಬಣ್ಣದ ಸ್ಟಿಕ್ಕರ್: 230 ವೋಲ್ಟ್, 50 ಹರ್ಟ್ಸ್, 45 ವ್ಯಾಟ್.

ಬೇರೆ ವ್ಯಾಟು ಅನ್ನೋದು ಇಲ್ಲ. ಗೀಸರಿನ ವ್ಯಾಟ್, ಮಿಕ್ಸಿಯ ವ್ಯಾಟ್, ಸ್ಪೀಕರಿನ ವ್ಯಾಟ್ ಎಲ್ಲಾ ಒಂದೇ: ಒಂದು ಸೆಕೆಂಡಿಗೆ ಒಂದು ಜೂಲ್ ಶಕ್ತಿ. ಬಾವಿಯಲ್ಲಿ ಇದ್ದರೆ ತಾನೇ ಕೊಡಕ್ಕೆ ಬರುವುದು? ಗೋಡೆಯ ಪ್ಲಗ್ಗಿನಿಂದ 45 ವ್ಯಾಟ್ ಎಳೆಯುವ ಯಂತ್ರ 3000 ವ್ಯಾಟ್ ಹೊರಗೆ ಕೊಡಲು ಆಗುವುದಿಲ್ಲ.

ಹಾಗಾದರೆ ಆ 3000 ಎಲ್ಲಿಂದ ಬಂತು?

ಪಿಎಂಪಿಒ ಅಂದರೆ ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್. ಕೇಳಲು ಶಾಸ್ತ್ರೀಯವಾಗಿದೆ. ಆದರೆ ಅದನ್ನು ಹೇಗೆ ಅಳೆಯಬೇಕು ಅಂತ ಎಲ್ಲರೂ ಒಪ್ಪಿದ ಒಂದು ವ್ಯಾಖ್ಯೆಯೇ ಇಲ್ಲ. ವ್ಯಾಖ್ಯೆ ಇಲ್ಲದ ಕಾರಣ ಯಾರೂ ಅದನ್ನು ಸುಳ್ಳು ಅಂತ ಸಾಬೀತು ಮಾಡಲೂ ಆಗುವುದಿಲ್ಲ. ಅದಕ್ಕೇ ಅದು ಅಷ್ಟು ವರ್ಷ ಬಾಳಿತು.

ಅದರ ಪರವಾಗಿ ಒಂದು ವಾದ ಇದೆ. ಸದ್ದಿನ ವಿದ್ಯುತ್ತನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್ ಒಳಗೆ ಕೆಪಾಸಿಟರ್‌ಗಳಿವೆ. ಅವು ಶಕ್ತಿಯನ್ನು ತುಂಬಿಟ್ಟುಕೊಂಡು, ತಬಲಾದ ಒಂದು ಪೆಟ್ಟು ಬಂದಾಗ ಒಮ್ಮೆಲೇ ಸುರಿಯುತ್ತವೆ. ಆ ಕ್ಷಣದಲ್ಲಿ ಗೋಡೆಯಿಂದ ಬರುವುದಕ್ಕಿಂತ ಜಾಸ್ತಿ ಹೊರಗೆ ಹೋಗಬಹುದು. ಮಾತು ಸರಿ. ಎಷ್ಟು ಹೊತ್ತು ಅನ್ನೋದನ್ನು ಲೆಕ್ಕ ಹಾಕೋಣ. ನಮ್ಮ ಸೆಟ್ಟನ್ನು ಎಷ್ಟೋ ವರ್ಷದ ಮೇಲೆ ನಾನು ಬಿಚ್ಚಿದೆ. ಒಳಗೆ 12-0-12 ವೋಲ್ಟಿನ, 3 ಆಂಪಿನ ಟ್ರಾನ್ಸ್‌ಫಾರ್ಮರ್ ಇತ್ತು. ಎರಡು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದವು. ರೆಕ್ಟಿಫೈ ಆದ ಮೇಲೆ, ಅಂದರೆ ಎಸಿ ಡಿಸಿ ಆದ ಮೇಲೆ, ಪ್ರತಿಯೊಂದರ ಮೇಲೂ ಸುಮಾರು 16 ವೋಲ್ಟ್. ಒಂದರಲ್ಲಿ ತುಂಬಿರುವ ಶಕ್ತಿ 0.6 ಜೂಲ್, ಎರಡೂ ಸೇರಿ 1.2 ಜೂಲ್. ಅದನ್ನು 3000 ವ್ಯಾಟ್ ದರದಲ್ಲಿ ಸುರಿದರೆ ಸೆಕೆಂಡಿನ 2500ರಲ್ಲಿ ಒಂದು ಭಾಗದಲ್ಲಿ ಖಾಲಿ. ತಬಲಾ ಪೆಟ್ಟು ಶುರುವಾಗುವುದಕ್ಕೂ ಅದು ಸಾಲದು.

ಅದೂ ಸುರಿಯಲು ದಾರಿ ಇದ್ದರೆ. ಓಮ್ ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. 4 ಓಮ್ ಸ್ಪೀಕರಿಗೆ 3000 ವ್ಯಾಟ್ ನುಗ್ಗಬೇಕಾದರೆ ಸುಮಾರು 110 ವೋಲ್ಟ್ ಬೇಕು. ಡಬ್ಬದಲ್ಲಿ ಇರುವುದು 16. ಅಂದರೆ ಒಂದೇ ಒಂದು ಕ್ಷಣಕ್ಕೂ ಆ 3000 ನಿಜವಾಗಿರಲಿಲ್ಲ.

ವೋಲ್ಟ್ ಗೊತ್ತಾದರೆ ಗುಟ್ಟು ಗೊತ್ತಾದ ಹಾಗೆ

ಈ ಲೇಖನದಲ್ಲಿ ಒಂದೇ ಒಂದು ಸೂತ್ರ ಇದೆ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನಿಂದ ಭಾಗಿಸಿ. ಬರುವುದು ವ್ಯಾಟ್. ಇಲ್ಲಿ ವೋಲ್ಟ್ ಅಂದರೆ ಆರ್‌ಎಂಎಸ್ ವೋಲ್ಟ್. ಸದ್ದಿನ ವಿದ್ಯುತ್ ಅಲೆಯಾಗಿ ಏರಿಳಿಯುತ್ತದೆ. ಅದರ ತುದಿಯನ್ನು 1.414ರಿಂದ ಭಾಗಿಸಿದರೆ ಆರ್‌ಎಂಎಸ್ ಸಿಗುತ್ತದೆ. ಮನೆಯ 230 ವೋಲ್ಟ್ ಕೂಡ ಆರ್‌ಎಂಎಸ್ಸೇ. ಅಲೆಯ ತುದಿ 325ರ ತನಕ ಹೋಗುತ್ತದೆ.

ಆಂಪ್ಲಿಫೈಯರ್ ತನ್ನ ಪವರ್ ಸಪ್ಲೈ ಕೊಡುವುದಕ್ಕಿಂತ ಎತ್ತರದ ಅಲೆ ಹುಟ್ಟಿಸಲು ಆಗುವುದಿಲ್ಲ. ಹಾಗಾಗಿ ಸಪ್ಲೈ ವೋಲ್ಟ್ ಗೊತ್ತಾದರೆ ಸಾಕು, ಜಾಹೀರಾತನ್ನು ಪಕ್ಕಕ್ಕಿಟ್ಟು ಪೆನ್ನು ಹಿಡಿಯಬಹುದು.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಓಡಾಡಿದವರಿಗೆ 4440 ಬೋರ್ಡ್ ಗೊತ್ತಿರುತ್ತದೆ. ಎಲ್‌ಎ4440 ಅನ್ನುವ ಆಂಪ್ಲಿಫೈಯರ್ ಐಸಿ, ಅಂದರೆ ಚಿಪ್. ಕಾರಿನ ಸ್ಟೀರಿಯೋದಿಂದ ಹಿಡಿದು ಮನೆಯಲ್ಲೇ ಜೋಡಿಸಿದ ಬೇಸ್ ಬಾಕ್ಸ್ ತನಕ ಎಲ್ಲದರಲ್ಲೂ ಕೂತಿರುವ ಹಳೇ ಹುಲಿ. ಅದರ ಬೋರ್ಡಿನ ಮೇಲೆ 100 ವ್ಯಾಟ್ ಅಂತ ಸ್ಟಿಕ್ಕರ್ ಹಚ್ಚಿದ್ದನ್ನು ನಾನೇ ನೋಡಿದ್ದೇನೆ. ಐಸಿ ತಯಾರಿಸಿದವರು ಅದರ ಸಾಮರ್ಥ್ಯದ ವಿವರ ಇರುವ ಡೇಟಾಶೀಟಿನಲ್ಲಿ ಬರೆದಿರುವುದು: 13.2 ವೋಲ್ಟಿನಲ್ಲಿ, 4 ಓಮ್‌ಗೆ, ಸ್ಟೀರಿಯೋ ಆದರೆ ತಲಾ 6 ವ್ಯಾಟ್. ಎರಡನ್ನೂ ಬ್ರಿಜ್ ಮಾಡಿ, ಅಂದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುವ ಹಾಗೆ ಜೋಡಿಸಿ, ಒಂದೇ ಸ್ಪೀಕರಿಗೆ ಕೊಟ್ಟರೆ 19. ಸೂತ್ರವೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ. ಬ್ರಿಜ್‌ನಲ್ಲಿ ಅಲೆಯ ತುದಿ ಹೆಚ್ಚೆಂದರೆ 13.2, ಆರ್‌ಎಂಎಸ್ 9.3, ಅದರ ವರ್ಗ 87, ಭಾಗಿಸು 4: ಸುಮಾರು 22. ಐಸಿ ಒಳಗೆ ಸ್ವಲ್ಪ ಸೋರಿಹೋಗುತ್ತದೆ. 100 ಬರಲು ದಾರಿಯೇ ಇಲ್ಲ.

ಈಗಿನ ಕಾಲದ ಸಣ್ಣ ಬ್ಲೂಟೂತ್ ಆಂಪ್ಲಿಫೈಯರ್‌ಗಳದ್ದು ಇನ್ನೂ ತಮಾಷೆ. ಅವುಗಳಲ್ಲಿ ಬಹಳಷ್ಟರಲ್ಲಿ ಟಿಪಿಎ3116 ಅನ್ನುವ ಚಿಪ್ ಇರುತ್ತದೆ. ನಿಜಕ್ಕೂ ಒಳ್ಳೇ ಚಿಪ್. 21 ವೋಲ್ಟ್ ಕೊಟ್ಟು 4 ಓಮ್ ಸ್ಪೀಕರ್ ಹಾಕಿದರೆ ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರಿನ ಸಾಲಿಗೆ, 50 ವ್ಯಾಟ್ ಅಂತ ಡೇಟಾಶೀಟ್ ಹೇಳುತ್ತದೆ. ಡಬ್ಬದ ಮೇಲೆ "50+50" ಅಂತ ಬಂದಿದ್ದು ಅಲ್ಲಿಂದಲೇ. ಆದರೆ ಅನೇಕರು ಅದಕ್ಕೆ ಚುಚ್ಚುವುದು ಮನೆಯಲ್ಲಿ ಬಿದ್ದಿದ್ದ ರೂಟರಿನ 12 ವೋಲ್ಟ್, 2 ಆಂಪ್ ಅಡಾಪ್ಟರ್. ಹನ್ನೆರಡೆರಡಲ ಇಪ್ಪತ್ತನಾಲ್ಕು. ಇಡೀ ಯಂತ್ರಕ್ಕೆ ಸಿಗುವುದೇ 24 ವ್ಯಾಟ್. 8 ಓಮ್ ಸ್ಪೀಕರ್ ಇದ್ದರೆ ಚಾನೆಲ್‌ಗೆ 9 ವ್ಯಾಟ್ ಬಂದರೆ ಪುಣ್ಯ. ಇಲ್ಲಿ ಚಿಪ್‌ನವರು ಸುಳ್ಳು ಹೇಳಿಲ್ಲ. ಚಿಪ್‌ನ ಅಂಕಿಯನ್ನು ಎತ್ತಿಕೊಂಡು, ಅದರ ಜೊತೆಗಿದ್ದ ವೋಲ್ಟನ್ನೂ ಓಮನ್ನೂ ಮಾರುವವರು ಅಲ್ಲೇ ಬಿಟ್ಟುಬಂದಿದ್ದಾರೆ.

ವ್ಯಾಟಿನ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಒಂಟಿ ಅಂಕಿ ಅರ್ಧ ವಾಕ್ಯ ಇದ್ದ ಹಾಗೆ. ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಅಲೆ ಎಷ್ಟು ವಿಕಾರವಾದಾಗ), ಎಷ್ಟು ಚಾನೆಲ್ ಒಟ್ಟಿಗೆ ಓಡುವಾಗ, ಯಾವ ಸ್ವರದಿಂದ ಯಾವ ಸ್ವರದ ತನಕ, ಎಷ್ಟು ಹೊತ್ತು ಅನ್ನೋದನ್ನು ಹೇಳಿದಾಗಲೇ ವಾಕ್ಯ ಮುಗಿಯುವುದು.

ಆರ್‌ಎಂಎಸ್ ಅಂತ ಬರೆದಿದ್ದರೆ ನಂಬಬಹುದಾ?

ಅರ್ಧ ನಂಬಬಹುದು. ಶಾಸ್ತ್ರಕ್ಕೆ ಹಿಡಿದರೆ "ಆರ್‌ಎಂಎಸ್ ವ್ಯಾಟ್" ಅನ್ನೋದೇ ತಪ್ಪು ಪದ. ಆರ್‌ಎಂಎಸ್ ಇರುವುದು ವೋಲ್ಟಿಗೆ. ಅದರಿಂದ ಲೆಕ್ಕ ಹಾಕಿದರೆ ಸಿಗುವುದು ಸರಾಸರಿ ವ್ಯಾಟ್. ಇರಲಿ, ರೂಢಿಯಲ್ಲಿ ಬಂದುಬಿಟ್ಟಿದೆ. ಪಿಎಂಪಿಒ ಬಗ್ಗೆ ಜನ ನಗಲು ಶುರು ಮಾಡಿದ ಮೇಲೆ ಡಬ್ಬದ ಮೇಲಿನ ಅಂಕಿ ಇಳಿಯಿತು, ಪಕ್ಕದಲ್ಲಿ ಆರ್‌ಎಂಎಸ್ ಬಂತು. ಹಿಗ್ಗಿಸುವುದು ಮಾತ್ರ ನಿಲ್ಲಲಿಲ್ಲ. ಈಗ ಸ್ವಲ್ಪ ನಾಜೂಕಾಗಿ ನಡೆಯುತ್ತದೆ.

ಹೋಮ್ ಥಿಯೇಟರಿನ ಸ್ಪೀಕರ್‌ಗಳನ್ನೆಲ್ಲ ಓಡಿಸುವ ಎವಿ ರಿಸೀವರ್ ಒಂದರ ಜಾಹೀರಾತು ಸಾಮಾನ್ಯವಾಗಿ ಹೀಗಿರುತ್ತದೆ ಅಂದುಕೊಳ್ಳಿ: "ಚಾನೆಲ್‌ಗೆ 150 ವ್ಯಾಟ್, 7 ಚಾನೆಲ್". ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ: 6 ಓಮ್, 1 ಕಿಲೋಹರ್ಟ್ಸ್, ಡಿಸ್ಟಾರ್ಷನ್ 10%, ಒಂದು ಚಾನೆಲ್ ಮಾತ್ರ. ಅದೇ ಯಂತ್ರದ ಮ್ಯಾನ್ಯುಯಲ್‌ನ ಕೊನೇ ಪುಟದಲ್ಲಿ ಇನ್ನೊಂದು ಸಾಲು: 80 ವ್ಯಾಟ್, 8 ಓಮ್, 20ರಿಂದ 20,000 ಹರ್ಟ್ಸ್, ಎರಡು ಚಾನೆಲ್. ಎರಡೂ ನಿಜ. 80 ಹೇಗೆ 150 ಆಯಿತು ಅಂತ ಒಂದೊಂದೇ ಮೆಟ್ಟಿಲು ಹತ್ತಿ ನೋಡಿ.

8 ಓಮ್‌ಗೆ 80 ವ್ಯಾಟ್ ಅಂದರೆ ಸುಮಾರು 25 ವೋಲ್ಟ್. ಅದೇ 25 ವೋಲ್ಟನ್ನು 6 ಓಮ್‌ಗೆ ಕೊಟ್ಟೆವು ಅಂದುಕೊಳ್ಳಿ: 107 ವ್ಯಾಟ್. ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿಲ್ಲ, 27 ವ್ಯಾಟ್ ಪುಕ್ಕಟೆ. ಮುಂದಿನ ಮೆಟ್ಟಿಲು ಡಿಸ್ಟಾರ್ಷನ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಾಲ್ಯೂಮ್ ಏರಿಸುತ್ತಾ ಹೋದರೆ ಅಲೆ ಎತ್ತರ ಆಗುತ್ತಾ ಹೋಗುತ್ತದೆ. ಸಪ್ಲೈ ವೋಲ್ಟ್ ಅನ್ನುವ ಸೂರು ತಗುಲಿದ ಮೇಲೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಗುಂಡಗಿನ ಗುಡ್ಡ ಇದ್ದದ್ದು ಚಪ್ಪಟೆ ಕಟ್ಟೆ ಆಗುತ್ತದೆ. ಇದನ್ನೇ ಕ್ಲಿಪಿಂಗ್ ಅನ್ನುವುದು. ಊರ ಜಾತ್ರೆಯಲ್ಲಿ ಹಾಡು ಹರಿದ ಬಟ್ಟೆಯ ಹಾಗೆ ಕೇಳುತ್ತದಲ್ವಾ, ಆ ಸದ್ದು. ಕೇಳಲು ಕರ್ಕಶ, ಆದರೆ ವ್ಯಾಟ್ ಲೆಕ್ಕಕ್ಕೆ ಲಾಭ. ಚಪ್ಪಟೆಯಾದ ಅಲೆ ತುದಿಯಲ್ಲೇ ಹೆಚ್ಚು ಹೊತ್ತು ಕೂರುವುದರಿಂದ ಸರಾಸರಿ ಏರುತ್ತದೆ. 10% ಡಿಸ್ಟಾರ್ಷನ್ ಒಪ್ಪಿಕೊಂಡರೆ, 1% ಇದ್ದಾಗಿನ ಅಂಕಿಗಿಂತ ಸುಮಾರು ಕಾಲು ಭಾಗ ಜಾಸ್ತಿ ಬರೆಯಬಹುದು. ಪೂರ್ತಿ ಚೌಕ ಮಾಡಿಬಿಟ್ಟರೆ ಎರಡು ಪಟ್ಟು. ಹಾಗಾಗಿ 107 ಈಗ 135ರ ಹತ್ತಿರ ಬಂತು.

ಕೊನೇ ಮೆಟ್ಟಿಲು: ಏಳರಲ್ಲಿ ಆರು ಚಾನೆಲ್‌ಗಳನ್ನು ಸುಮ್ಮನೆ ಕೂರಿಸಿ ಒಂದನ್ನೇ ಓಡಿಸುವುದು. ಇಡೀ ಟ್ರಾನ್ಸ್‌ಫಾರ್ಮರ್ ಅದೊಂದಕ್ಕೇ ದುಡಿಯುತ್ತದೆ, ವೋಲ್ಟ್ ಕುಸಿಯುವುದಿಲ್ಲ. 150 ಮುಟ್ಟಿತು. ನಂತರ ಅಂಗಡಿಯವರು ಅದನ್ನು ಏಳರಿಂದ ಗುಣಿಸಿ "1050 ವ್ಯಾಟ್ ಸಾರ್" ಅನ್ನುತ್ತಾರೆ. ಏಳೂ ಒಟ್ಟಿಗೆ ಹಾಡಿದಾಗ ಎಷ್ಟು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸೌಂಡ್‌ಬಾರ್‌ಗಳ "ಟೋಟಲ್ ಪವರ್" ಕೂಡ ಇದೇ ಜಾತಿಯ ಕೂಡುವ ಲೆಕ್ಕ.

ಹಿಂದಿನ ಸ್ಟಿಕ್ಕರಿನ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದು ಗರಿಷ್ಠ ಮಿತಿ ಅಲ್ಲ. ಸುರಕ್ಷತಾ ಪರೀಕ್ಷೆಯಲ್ಲಿ ಆಂಪ್ಲಿಫೈಯರನ್ನು ಸಾಮಾನ್ಯವಾಗಿ ಅದರ ಶುದ್ಧ ಸಾಮರ್ಥ್ಯದ ಎಂಟನೇ ಒಂದು ಭಾಗದಲ್ಲಿ ಓಡಿಸಿ ಅಳೆಯುತ್ತಾರೆ. ಮನೆಯಲ್ಲಿ ಹಾಡು ಕೇಳುವಾಗ ಸರಾಸರಿ ಅದಕ್ಕಿಂತ ಮೇಲೆ ಹೋಗುವುದು ಕಡಿಮೆ. ಹಾಗಾಗಿ 45 ಅಂತ ಬರೆದ ಸೆಟ್ ಸ್ವಲ್ಪ ಹೊತ್ತು ಅದಕ್ಕಿಂತ ಜಾಸ್ತಿ ಎಳೆಯಬಹುದು. ನಮ್ಮ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಎರಡು 12 ಸೇರಿ 24 ವೋಲ್ಟ್, 3 ಆಂಪ್, ಅಂದರೆ ಎಷ್ಟೇ ಹಿಂಡಿದರೂ 72ರ ಆಸುಪಾಸು. ಸ್ಟಿಕ್ಕರ್ ನೋಡಿ ಯಂತ್ರ ಯಾವ ಗಾತ್ರದ್ದು ಅಂತ ಅಂದಾಜು ಮಾಡಬಹುದು, ಕರಾರುವಾಕ್ ಅಂಕಿ ಸಿಗುವುದಿಲ್ಲ. ಅಂದಹಾಗೆ, ನಮ್ಮ ಸರ್ಕಾರ ಎಲೆಕ್ಟ್ರಾನಿಕ್ ಸಾಮಾನುಗಳ 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲಿ ಆಂಪ್ಲಿಫೈಯರ್ ಸೇರಿಸಿದಾಗ ಲೆಕ್ಕಕ್ಕೆ ಹಿಡಿದದ್ದು ಒಳಗೆ ಹೋಗುವ ವ್ಯಾಟನ್ನೇ, "ಇನ್‌ಪುಟ್ ಪವರ್ 2000 ವ್ಯಾಟ್ ಮತ್ತು ಮೇಲೆ" ಅಂತ. ಆ ನೋಂದಣಿ ಶಾಕ್ ಮತ್ತು ಬೆಂಕಿಯ ಅಪಾಯಕ್ಕೆ ಸಂಬಂಧಿಸಿದ್ದು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆ ಅಂದ ಮಾತ್ರಕ್ಕೆ ಡಬ್ಬದ ಮೇಲಿನ ವ್ಯಾಟ್ ಸರಿ ಅಂತ ಅರ್ಥ ಅಲ್ಲ.

1974ರಲ್ಲಿ ಅಮೆರಿಕದವರು ಮಾಡಿದ ಕೆಲಸ

ಈ ರೋಗ ನಮ್ಮದಷ್ಟೇ ಅಲ್ಲ. 1960ರ ದಶಕದಲ್ಲಿ ಸ್ಟೀರಿಯೋ ಹೊಸದಾಗಿ ಮನೆಮನೆಗೆ ಬರುತ್ತಿದ್ದಾಗ ಅಮೆರಿಕದಲ್ಲೂ ಇದೇ ಗೋಳು. "ಮ್ಯೂಸಿಕ್ ಪವರ್", "ಪೀಕ್ ಪವರ್", "ಇನ್‌ಸ್ಟಂಟೇನಿಯಸ್ ಪೀಕ್ ಪವರ್" ಅಂತ ಬಗೆಬಗೆಯ ಹೆಸರು. ಚಾನೆಲ್‌ಗೆ 10 ವ್ಯಾಟಿನ ಆಂಪ್ಲಿಫೈಯರ್ ಇದ್ದರೆ, ಅಲೆಯ ತುದಿಯ ಲೆಕ್ಕದಲ್ಲಿ 20. ಎರಡು ಚಾನೆಲ್ ಕೂಡಿ 40. ಸುಳ್ಳೇ ಹೇಳದೆ ನಾಲ್ಕು ಪಟ್ಟು ಆಯಿತು.

1974ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮನೆ ಬಳಕೆಯ ಆಂಪ್ಲಿಫೈಯರ್‌ಗಳಿಗೆ ನಿಯಮ ತಂದಿತು. ವ್ಯಾಟ್ ಬರೆಯುವವರು ಓಮ್, ಸ್ವರಗಳ ವ್ಯಾಪ್ತಿ, ಡಿಸ್ಟಾರ್ಷನ್ ಕೂಡ ಬರೆಯಬೇಕು. ಅಳೆಯುವ ಮೊದಲು ಯಂತ್ರವನ್ನು ಅದರ ಮೂರನೇ ಒಂದು ಭಾಗದ ಶಕ್ತಿಯಲ್ಲಿ ಒಂದು ಗಂಟೆ ಓಡಿಸಬೇಕು. ಮೂರನೇ ಒಂದು ಅಂದರೆ ಸಲೀಸು ಅನಿಸುತ್ತದೆ. ಆದರೆ ಆಗಿನ ಕ್ಲಾಸ್ ಎಬಿ ಅನ್ನುವ ಬಗೆಯ ಆಂಪ್ಲಿಫೈಯರ್‌ಗಳಲ್ಲಿ ಟ್ರಾನ್ಸಿಸ್ಟರ್‌ಗಳು ಜಾಸ್ತಿ ಕಾಯುವುದು ಪೂರ್ತಿ ಶಕ್ತಿಯಲ್ಲಿ ಅಲ್ಲ, ಇಂಥ ಮಧ್ಯದ ಜಾಗದಲ್ಲೇ. ಬಿಸಿ ಹೊರಹಾಕಲು ತೆಳು ಲೋಹದ ಹೀಟ್‌ಸಿಂಕ್ ಹಾಕಿ ಕೈತೊಳೆದುಕೊಂಡಿದ್ದವರಿಗೆ ಬೆವರಿಳಿಯಿತು. ಮುಂದೆ ಆ ಮೂರನೇ ಒಂದನ್ನು ಎಂಟನೇ ಒಂದಕ್ಕೆ ಇಳಿಸಿದರು.

ನಿಯಮ ಬಂದ ಮೇಲೂ ವ್ಯಾಟಿನ ಹುಚ್ಚು ಇಳಿಯಲಿಲ್ಲ, ಆದರೆ ಹುಚ್ಚಿಗೆ ತಕ್ಕ ಕಬ್ಬಿಣ ಹಾಕಲೇಬೇಕಾಯಿತು. 1978ರ ಪಯೋನಿಯರ್ ಎಸ್‌ಎಕ್ಸ್-1980 ರಿಸೀವರ್ ಚಾನೆಲ್‌ಗೆ 270 ವ್ಯಾಟ್ ಅಂತ ಹೇಳಿಕೊಂಡಿತು. ಅದರ ತೂಕ 35 ಕೆಜಿ, ಹೆಚ್ಚು ಕಡಿಮೆ ಮುಕ್ಕಾಲು ಮೂಟೆ ಸಿಮೆಂಟು. 2024ರಲ್ಲಿ ಆ ನಿಯಮವನ್ನು ಮತ್ತೆ ಬಿಗಿ ಮಾಡಿದರು: 8 ಓಮ್, 20ರಿಂದ 20,000 ಹರ್ಟ್ಸ್, ಡಿಸ್ಟಾರ್ಷನ್ 1%ಗಿಂತ ಕಡಿಮೆ. ಅಮೆರಿಕದ ನಿಯಮ ನಮಗೆ ಅನ್ವಯ ಆಗುವುದಿಲ್ಲ ನಿಜ. ಆದರೆ ಇಲ್ಲಿ ಮಾರುವ ದೊಡ್ಡ ಬ್ರ್ಯಾಂಡಿನ ಮಾಡೆಲ್ ಅಲ್ಲೂ ಇದ್ದರೆ ಅಲ್ಲಿನ ಅಂಕಿ ಹುಡುಕಿ ನೋಡಿ. ನಾನು ಹಾಗೇ ಮಾಡುತ್ತೇನೆ.

ಉಲ್ಟಾ ಉದಾಹರಣೆಯೂ ಒಂದಿದೆ, ಇದು ನನಗೆ ತುಂಬಾ ಇಷ್ಟ. ಅದೇ ಕಾಲದ ಎನ್‌ಎಡಿ 3020 ಅನ್ನುವ ಸಣ್ಣ ಆಂಪ್ಲಿಫೈಯರ್ ತನ್ನ ಬಗ್ಗೆ ಬರೆದುಕೊಂಡಿದ್ದು ಬರೀ 20 ವ್ಯಾಟ್. ಆದರೆ ಸಂಗೀತದ ಕ್ಷಣಿಕ ಪೆಟ್ಟುಗಳಿಗೆ ಅದು ಸುಮಾರು 40 ಕೊಡುತ್ತಿತ್ತು. ಈ ಕ್ಷಣಿಕ ಶಕ್ತಿಯನ್ನು ಅಳೆಯಲೂ 1978ರಿಂದ ಒಂದು ಕ್ರಮ ಇತ್ತು: ಸೆಕೆಂಡಿನ 50ರಲ್ಲಿ ಒಂದು ಭಾಗ ಜೋರು ಸ್ವರ, ಮತ್ತೆ ಬಿಡುವು. ಅಂದರೆ ಪೀಕ್ ಅನ್ನುವ ಕಲ್ಪನೆಯೇ ಮೋಸ ಅಲ್ಲ. ಎಷ್ಟು ಹೊತ್ತಿನ ಪೀಕ್ ಅಂತ ಹೇಳಿದರೆ ಅದೂ ಉಪಯೋಗದ ಅಂಕಿಯೇ.

ನಮ್ಮ ಕಿವಿಗೆ ಬೇಕಾದದ್ದು ಎಷ್ಟು?

ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. 50 ವ್ಯಾಟಿನಿಂದ 100ಕ್ಕೆ ಹೋದರೆ ಏರುವುದು 3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ), ಸ್ವಲ್ಪ ಜೋರಾಯಿತು ಅನ್ನುವಷ್ಟು. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್. ಹಾಗಾಗಿ 80ಕ್ಕೂ 100ಕ್ಕೂ ಇರುವ ವ್ಯತ್ಯಾಸಕ್ಕೆ ಐದು ಸಾವಿರ ರೂಪಾಯಿ ಜಾಸ್ತಿ ಕೊಡುವುದು ನನ್ನ ದೃಷ್ಟಿಯಲ್ಲಿ ದಂಡ. ಅದು ಒಂದು ಡೆಸಿಬೆಲ್ ಅಷ್ಟೇ.

ಸ್ಪೀಕರಿನ ಸೆನ್ಸಿಟಿವಿಟಿ ಮೇಲೆ ಕಣ್ಣಿಡಿ. 88 ಡೆಸಿಬೆಲ್ ಅಂತ ಇದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು. ಅದೇ ಸಾಕಷ್ಟು ಜೋರು. 10 ವ್ಯಾಟಿಗೆ 98, ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು. 85ರ ಬದಲು 91ರ ಸ್ಪೀಕರ್ ಕೊಂಡರೆ ಆಂಪ್ಲಿಫೈಯರನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದ ಹಾಗೆ. ಈ ಅಂಕಿಯನ್ನು ಡಬ್ಬದ ಮೇಲೆ ಕೆಂಪಕ್ಷರದಲ್ಲಿ ಬರೆದದ್ದನ್ನು ನಾನು ಇನ್ನೂ ನೋಡಿಲ್ಲ.

ಕೊನೆಗೆ, ಬಿಚ್ಚಿದ್ದ ನಮ್ಮ ಹಳೇ ಸೆಟ್ಟನ್ನು ಅಳೆದೇಬಿಟ್ಟೆ. ಇದಕ್ಕೆ ದೊಡ್ಡ ಸಾಮಾನು ಏನೂ ಬೇಡ. 8 ಓಮಿನ, 50 ವ್ಯಾಟಿನ ಎರಡು ವೈರ್‌ವೌಂಡ್ ರೆಸಿಸ್ಟರ್, ಒಂದು ಮಲ್ಟಿಮೀಟರ್, ಸ್ವರ ಹುಟ್ಟಿಸುವ ಒಂದು ಮೊಬೈಲ್ ಆ್ಯಪ್. ಸ್ಪೀಕರ್ ತೆಗೆದು ಅದರ ಜಾಗದಲ್ಲಿ ರೆಸಿಸ್ಟರ್ ಕಟ್ಟಿದೆ. ಅದು ದೋಸೆ ಹಂಚಿನಷ್ಟು ಕಾಯುತ್ತದೆ, ಹುಷಾರು. ಆ್ಯಪ್‌ನಲ್ಲಿ 100 ಹರ್ಟ್ಸ್ ಇಟ್ಟೆ, ಏಕೆಂದರೆ ಅಗ್ಗದ ಮಲ್ಟಿಮೀಟರ್‌ಗಳು 400 ಹರ್ಟ್ಸ್ ದಾಟಿದರೆ ತಪ್ಪು ಹೇಳಲು ಶುರು ಮಾಡುತ್ತವೆ. ವಾಲ್ಯೂಮನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ ಎಸಿ ವೋಲ್ಟ್ ಬರೆದುಕೊಂಡೆ. ಒಂದು ಹಂತದ ನಂತರ ಹೆಜ್ಜೆಗೆ ತಕ್ಕಷ್ಟು ವೋಲ್ಟ್ ಏರುವುದು ನಿಂತಿತು. ಅಲ್ಲಿಗೆ ಸೂರು ತಗುಲಿತು ಅಂತ ಅರ್ಥ. ಅದಕ್ಕೂ ಒಂದು ಹೆಜ್ಜೆ ಹಿಂದಿನ ಅಂಕಿ 9.1 ವೋಲ್ಟ್. ವರ್ಗ ಮಾಡಿ 8ರಿಂದ ಭಾಗಿಸಿದರೆ 10 ವ್ಯಾಟ್ ಚಿಲ್ಲರೆ. ಎರಡನೇ ಚಾನೆಲನ್ನೂ ಜೊತೆಗೆ ಓಡಿಸಿದಾಗ 8.4 ವೋಲ್ಟಿಗೆ ಕುಸಿಯಿತು, 9 ವ್ಯಾಟಿಗಿಂತ ಒಂದು ಕೂದಲು ಕಡಿಮೆ.

ಆಮೇಲೆ ಸ್ಪೀಕರ್ ವಾಪಸ್ ಹಾಕಿ, ಅಪ್ಪ ದಿನಾ ಸಂಜೆ ವಾರ್ತೆ ಕೇಳುವ ವಾಲ್ಯೂಮಿಗೆ ತಿರುಗಿಸಿ ಮತ್ತೆ ಮೀಟರ್ ಹಚ್ಚಿದೆ. ಮಾತಿನ ಜೊತೆ ಮುಳ್ಳು ಕುಣಿದ ಹಾಗೆ ಅಂಕಿಗಳು ಕುಣಿದವು, ಜೋರು ದನಿಗೂ 0.6 ವೋಲ್ಟ್ ದಾಟಲಿಲ್ಲ. ಲೆಕ್ಕ ಹಾಕಿ ತೋರಿಸಿದೆ: 0.045 ವ್ಯಾಟ್. ಅಪ್ಪ ಕನ್ನಡಕ ಏರಿಸಿಕೊಂಡು ಕಾಗದ ನೋಡಿದರು. "ಇದಕ್ಕೆ ಸಣ್ಣ ಪ್ಲಗ್ಗೇ ಜಾಸ್ತಿ ಆಯ್ತು ಬಿಡು" ಅಂದರು.